ಅಮಾವಾಸ್ಯೆಯ ದಿನ ಬಿದ್ದ ಗಜ್ಜರಿ ಸರ

ನನ್ನ ಗೆಳತಿ ಆಮ್ರಪಾಲಿ ಬಬಲೇಶ್ವರದವಳು. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಜಂಪರ್ ಹೊಲಿಯುವ ಅಂಗಡಿ ಇಟ್ಟಿದ್ದಳು. ಹೋದ ತಿಂಗಳು ಕಾಮಾಲೆಯಿಂದ ತೀರಿಕೊಂಡಳು. ಅವಳ ಬಗ್ಗೆ ಬರೆಯಲು ಕೂತರೆ ಮೊದಲು ಆ ಬಾಡಿಗೆ ಖೋಲಿಯೇ ನೆನಪಾಗುತ್ತದೆ.

ಖೋಲಿ ಹುಡುಕುವಾಗ ಅಡ್ಡಹೆಸರು ಕೇಳಿ ಸುಮ್ಮನಾದವರಿದ್ದರು. ಗೋಡೆಗೆ ಬುದ್ಧನ ಫೋಟೋ ಹಾಕುತ್ತೀರೇನು ಎಂದು ಕೇಳಿ, ನಾಳೆ ಹೇಳುತ್ತೇವೆಂದು ಹೋದವರಿದ್ದರು. ಕಡೆಗೆ ಜೋರಾಪುರ ಪೇಟೆಯಲ್ಲಿ ರಾಚವ್ವನ ಮನೆಯ ಮಾಳಿಗೆ ಸಿಕ್ಕಿತು. ರಾಚವ್ವ ಏನೂ ಕೇಳಲಿಲ್ಲ. ಕೇಳದೆ ಕೊಟ್ಟವರ ಮೇಲೂ ಆಮ್ರಪಾಲಿಗೆ ಅನುಮಾನವೇ. ಗೊತ್ತಿದ್ದು ಕೊಟ್ಟಳೋ, ಗೊತ್ತಾದರೆ ಬಿಡಿಸುತ್ತಾಳೋ?

ಜಂಪರ್ ಹೊಲಿಸುತ್ತಿದ್ದ ಒಬ್ಬಾಕೆ ವರ್ಗವಾಗಿ ಊರು ಬಿಡುವಾಗ ಎರಡು ಗಿನಿಪಿಗ್‌ಗಳನ್ನು ಪಂಜರ ಸಮೇತ ಇವಳ ಕೈಗೆ ಕೊಟ್ಟುಹೋದಳು. ಇಲಿಗಿಂತ ದೊಡ್ಡವು, ಮೊಲಕ್ಕಿಂತ ಸಣ್ಣವು, ಬಾಲವಿಲ್ಲ. ಒಂದಕ್ಕೆ ಜವಾರಿ, ಇನ್ನೊಂದಕ್ಕೆ ಹೈಬ್ರಿಡ್ ಎಂದು ಹೆಸರಿಟ್ಟಳು. ಪ್ರಾಣಿ ಸಾಕಿದ್ದಕ್ಕೇ ಖೋಲಿ ಕೈಬಿಟ್ಟೀತೆಂದು ರಾಚವ್ವನಿಗೆ ಹೇಳಲಿಲ್ಲ. ಮೊಣಕಾಲು ನೋವಿನ ರಾಚವ್ವ ಮೆಟ್ಟಿಲು ಹತ್ತುತ್ತಲೂ ಇರಲಿಲ್ಲ.

ಒಣ ಹುಲ್ಲು ಅವುಗಳ ಊಟ. ಸಂಜೆಯ ತಿನಿಸು ಆಮ್ರಪಾಲಿಯ ಕೈಯದು. ಓಣಿಯಲ್ಲಿ ಕಾಯಿಪಲ್ಯ ಮಾರುವ ಹಸೀನಾಳ ತಳ್ಳುಗಾಡಿಯಿಂದ ಗಜ್ಜರಿ, ಸೌತೆಕಾಯಿ, ದೊಣ್ಣೆ ಮೆಣಸಿನಕಾಯಿ, ಕೋತಂಬರಿ ತರುತ್ತಿದ್ದಳು. ಬಾಡಿದ್ದು ಕೊಟ್ಟರೆ ಅಲ್ಲೇ ಜಗಳ. ತೊಳೆದು, ಬಿಲ್ಲೆಯಾಗಿ ಹೆಚ್ಚಿ, ನಡುನಡುವೆ ಕೋತಂಬರಿ ದಂಟು ಸೇರಿಸಿ ದಪ್ಪ ಸೂಜಿಯಿಂದ ದಾರಕ್ಕೆ ಪೋಣಿಸುತ್ತಿದ್ದಳು. ಉಪ್ಪಿಲ್ಲ, ಎಣ್ಣೆಯಿಲ್ಲ. ಪಂಜರದಲ್ಲಿ ಇಳಿಬಿಟ್ಟರೆ ಅವು ಹಿಂಗಾಲ ಮೇಲೆದ್ದು ಎಳೆದೆಳೆದು ತಿನ್ನುತ್ತಿದ್ದವು. ಒದ್ದೆ ತಿಂದರೆ ಹೊಟ್ಟೆ ಕೆಡುತ್ತದೆಂದು ಸರವನ್ನು ಮೊದಲು ಕಿಟಕಿಯ ಸರಳಿಗೆ ಕಟ್ಟಿ ಆರಲು ಬಿಡುತ್ತಿದ್ದಳು. ಕಿಟಕಿಯ ಕೆಳಗೇ ರಾಚವ್ವನ ಹೊಸ್ತಿಲು.

ಎರಡು ವರ್ಷದ ಹಿಂದಿನ ಮಾತು. ಅವತ್ತು ಅಮಾವಾಸ್ಯೆ. ಅಂಗಡಿಗಳವರು ಹಳೆಯ ನಿಂಬೆಹಣ್ಣು, ಮೆಣಸಿನಕಾಯಿಯ ಸರ ಬಿಚ್ಚಿ ರಸ್ತೆಗೆಸೆದು ಹೊಸದು ಕಟ್ಟುವ ದಿನ. ಬಿದ್ದದ್ದನ್ನು ಯಾರೂ ತುಳಿಯುವುದಿಲ್ಲ. ಆಮ್ರಪಾಲಿ ಅಂದು ಬೀಟ್‌ರೂಟಿನ ಬಿಲ್ಲೆಗಳನ್ನೂ ಪೋಣಿಸಿದ್ದಳು. ಗಂಟು ಸಡಿಲಾಗಿ ಸರ ಹೊಸ್ತಿಲ ಮೇಲೆ ಬಿತ್ತು, ಸುತ್ತ ಕೆಂಪು ಕಲೆ. ಒಳಗೆ ರಾಚವ್ವನ ಸೊಸೆ ಲಕ್ಷ್ಮಿಯ ಕೂಸಿಗೆ ಜ್ವರ.

ಮರುದಿನದಿಂದ ರಾಚವ್ವ ಬದಲಾದಳು. ಸಲಿಗೆಯಿಂದ "ಬಾ ಬೇ" ಎನ್ನುತ್ತಿದ್ದವಳು "ಬರ್ರಿ" ಎನ್ನತೊಡಗಿದಳು. ನಳದ ನೀರು ತಾವು ತುಂಬಿಕೊಂಡ ಮೇಲೆಯೇ ಮಾಳಿಗೆಗೆ. ಆಮ್ರಪಾಲಿ ಕೊಟ್ಟ ಬದನೆಕಾಯಿ ಪಲ್ಯದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ವಾಪಸಾಯಿತು. ಲಕ್ಷ್ಮಿ ಕೂಸನ್ನು ಸೆರಗಿನೊಳಗೆ ಮರೆಮಾಡಿಕೊಂಡು ಒಳಗೆ ಹೋಗುತ್ತಿದ್ದಳು.

"ಆಕಿ ಮರ್ಯಾದಿ ಕೊಡಾಕತ್ತಾಳ ಅಂದ್ರ ನಮ್ಮ ಜಾತಿ ಗೊತ್ತಾಗೇತಿ," ಎಂದಳು ಆಮ್ರಪಾಲಿ ನನಗೆ. ನನಗೂ ಹಾಗೆಯೇ ಅನಿಸಿತು. ಬೇರೆ ಖೋಲಿ ನೋಡು ಎಂದೆ. ಅವಳು ಒಪ್ಪಲಿಲ್ಲ. ಖೋಲಿ ಬಿಡುವುದಾದರೆ ಕಾರಣ ಕೇಳಿಯೇ ಬಿಡುತ್ತೇನೆ ಎಂದಳು.

ಆ ವಾರವೇ ರಾಚವ್ವ ಕರೆಸಿ ಖೋಲಿ ಖಾಲಿ ಮಾಡಲು ಹೇಳಿದಳು. ನಾನೂ ಜೊತೆಗಿದ್ದೆ.

"ನಮ್ಮ ಜಾತಿ ಗೊತ್ತಾತೇನ್ರಿ, ಆಯಿ?" ಎಂದು ಆಮ್ರಪಾಲಿ ಕೇಳಿದಳು.

"ಜಾತಿ ನೀವ್ ಬಂದ ದಿನಾನ ಗೊತ್ತಿತ್ತು. ನಮ್ಮ ಕೂಸು ನಿಮಗೇನ್ ಮಾಡಿತ್ರಿ? ಅಮಾಸಿ ದಿನ ನಮ್ಮ ಹೊಸ್ತಿಲಿಗೆ ಮಾಟದ ಸರ ಒಗದೀರಿ. ದಿನಾ ಸಂಜಿಕ ಮ್ಯಾಲ ಕುಂಯ್ ಕುಂಯ್ ಅಂತೈತಿ. ಯಾರ್ನ ಕರಿತೀರಿ?"

ಆಮ್ರಪಾಲಿ ಮೇಲೆ ಹೋಗಿ ಕಿಟಕಿಯ ಸರ ಬಿಚ್ಚಿ ತಂದಳು. ರಾಚವ್ವನ ಎದುರಿಗೆ ನಿಂತು ಗಜ್ಜರಿ, ಸೌತೆಕಾಯಿ, ಕೋತಂಬರಿ ದಂಟು ಒಂದೊಂದೇ ಕಡಿದು ತಿಂದಳು. ಕೈಯಲ್ಲಿ ಬರಿಯ ದಾರ ಉಳಿಯಿತು.

"ಮಾಟ ಮಾಡಿದಾಕಿ ತಾನ ತಿಂದ್ಲು. ಇನ್ ಮ್ಯಾಲ ಬರ್ರಿ, ಯಾರ್ನ ಕರಿತೀನಿ ನೋಡ್ರಿ."

ರಾಚವ್ವ ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಹತ್ತಿದಳು. ಪಂಜರದ ಮುಂದೆ ಬಹಳ ಹೊತ್ತು ಬಗ್ಗಿ ನೋಡಿ, "ಇದಕ್ಕ ಬಾಲಾ ಯಾರ್ ಕೊಯ್ದಾರ ಬೇ?" ಎಂದು ಕೇಳಿದಳು.

ಖೋಲಿ ಉಳಿಯಿತು. ಸರವನ್ನು ಖೋಲಿಯ ಒಳಗೇ ಆರಲು ಕಟ್ಟಬೇಕು ಎಂಬುದು ರಾಚವ್ವನ ಕರಾರು. ಜಾತಿ ಮೊದಲೇ ಗೊತ್ತಿತ್ತೆಂಬ ಮಾತನ್ನು ಆಮ್ರಪಾಲಿ ನಂಬಿದಳು, ನಾನು ನಂಬಲಿಲ್ಲ. ಗೊತ್ತಿದ್ದವಳು ಪಲ್ಯವನ್ನು ಯಾಕೆ ವಾಪಸು ಕೊಟ್ಟಳು? ಮಾಟದ ಹೆದರಿಕೆಗೆ, ಎಂದಳು ಆಮ್ರಪಾಲಿ. ಎಲ್ಲದಕ್ಕೂ ಒಂದೇ ಕಾರಣ ಹುಡುಕಬೇಡ ಎಂದು ನನ್ನನ್ನೇ ಬೈದಳು. ಎದುರಿಗೆ ಕೇಳಿ ಉತ್ತರ ಪಡೆದ ಮೇಲೆ ಅವಳು ಅದನ್ನು ಮತ್ತೆ ಕೆದಕುತ್ತಿರಲಿಲ್ಲ. ಆ ಗುಣ ನನಗೆ ಬರಲೇ ಇಲ್ಲ.

ಬಬಲೇಶ್ವರದಲ್ಲಿ ಮಣ್ಣು ಮಾಡಿದ ದಿನ ರಾಚವ್ವ ಬಸ್ಸಿನಲ್ಲಿ ಬಂದಳು. ಆಮ್ರಪಾಲಿಯ ತಾಯಿ ಸೀತವ್ವ ಎಲ್ಲರಿಗೂ ಚಹಾ ಕೊಡಿಸಿದಳು. ಅಳುವುದನ್ನು ಬಿಟ್ಟು ನಾನು ರಾಚವ್ವನ ಕಪ್ಪನ್ನೇ ನೋಡುತ್ತಿದ್ದೆ. ಅವಳು ಕುಡಿದಳು. ಖೋಲಿಯನ್ನು ಯಾರಿಗೂ ಕೊಟ್ಟಿಲ್ಲ, ಪ್ರಾಣಿಗಳು ಅಲ್ಲೇ ಇವೆ ಎಂದು ಸೀತವ್ವನಿಗೆ ಹೇಳಿದಳು.

ಅದೂ ಬಾಯಿಮಾತೇ ಇರಬೇಕೆಂದು ಮೊನ್ನೆ ಹೇಳದೆ ಕೇಳದೆ ಜೋರಾಪುರ ಪೇಟೆಗೆ ಹೋದೆ. ರಾಚವ್ವ ಹೊಸ್ತಿಲಲ್ಲಿ ಕೋತಂಬರಿ ಸೋಸುತ್ತ ಕೂತಿದ್ದಳು. ನನ್ನ ಮುಖ ನೋಡಿದೊಡನೆ ಬಂದ ಕಾರಣ ಅವಳಿಗೆ ತಿಳಿಯಿತು.

"ನನ್ನ ಮ್ಯಾಲ ನಂಬಿಗಿಲ್ಲಲ್ರಿ ನಿಮಗ?"

"ಇಲ್ರಿ," ಎಂದೆ.

ಅವಳು ಸಿಟ್ಟಾಗಲಿಲ್ಲ. ಕೋತಂಬರಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ಎದ್ದು, ಮಾಳಿಗೆಯ ಮೆಟ್ಟಿಲ ಕಡೆ ನಡೆದಳು.