ಮೋನಮ್ಮ ಅತ್ತ ರಾಗ

ಮೀನು ಹಿಡಿಯುವವರ ಮನೆಯ ಹುಡುಗ ಬಲೆ ಬಿಟ್ಟು ಕ್ಲಾರಿನೆಟ್ ಹಿಡಿದರೆ ಬಂಧುಬಳಗ ಏನೇನು ಅನ್ನುತ್ತದೋ ಅದನ್ನೆಲ್ಲ ಅನ್ನಿಸಿಕೊಂಡವನು ತಿರುಪತಿ. ಕೃಷ್ಣಾ ಹೊಳೆಯ ದಂಡೆಯ ತನ್ನ ಹಳ್ಳಿಯಿಂದ ಸುರಪುರಕ್ಕೆ ಬಂದವನು ಸುಲ್ತಾನಸಾಬನ ಬ್ಯಾಂಡ್ ಕಂಪನಿಯಲ್ಲಿ ಮೊದಲು ತಾಳ ಬಡಿದ, ಆಮೇಲೆ ಊದುವುದನ್ನು ಕಲಿತ. ಮೈಮೇಲೆ ದಪ್ಪನೆಯ ಕೆಂಪು ಕೋಟು, ನೆತ್ತಿಯ ಮೇಲೆ ಏಪ್ರಿಲ್ ತಿಂಗಳ ಬಿಸಿಲು. ದೇವಾಪುರ, ಶಹಾಪುರ, ಯಾದಗಿರಿ, ಎಲ್ಲಿ ಮದುವೆಯೋ ಅಲ್ಲಿ ಅವನ ಉಸಿರು ಖರ್ಚಾಗುತ್ತಿತ್ತು. ಊಟಕ್ಕೆ ಮಾತ್ರ ಬ್ಯಾಂಡಿನವರದು ಯಾವಾಗಲೂ ಕೊನೆಯ ಪಂಕ್ತಿ. ಅನ್ನ ಸಿಕ್ಕರೆ ಸಾರಿಲ್ಲ, ಸಾರು ಸಿಕ್ಕರೆ ಅನ್ನವಿಲ್ಲ. ಅದಕ್ಕೆಲ್ಲ ಅವನು ತಲೆ ಕೆಡಿಸಿಕೊಂಡವನಲ್ಲ.

ಬ್ಯಾಂಡಿನವರಿಗೆ ಒಂದು ನಂಬಿಕೆ ಇರುತ್ತದೆ. ಅವರ ಹಾಡಿಗೆ ಮಾತಿಲ್ಲ, ಮಾತು ಕೇಳುವವರ ಬಾಯಲ್ಲಿರುತ್ತದೆ. ಕ್ಲಾರಿನೆಟ್ಟು ಮೊದಲ ಸಾಲು ಎತ್ತಿದರೆ ಸಾಕು, ಕಟ್ಟೆಯ ಮೇಲೆ ಕೂತ ಮುದುಕಿಯೂ ಉಳಿದ ಸಾಲನ್ನು ತಾನೇ ಗುನುಗುತ್ತಾಳೆ. ವರ್ಷಾನುಗಟ್ಟಲೆ ಇದನ್ನೇ ಕಂಡ ತಿರುಪತಿಗೆ ಮಾತು ಬೇರೆ, ರಾಗ ಬೇರೆ ಎಂಬುದೇ ಮರೆತುಹೋಗಿತ್ತು. ಕಡೆಗೆ ಅದೇ ಅವನ ಕುತ್ತಿಗೆಗೆ ಬಂತು.

ಅವನ ಅಕ್ಕ ಮೋನಮ್ಮ ಹಳ್ಳಿಯಲ್ಲೇ ಇದ್ದಳು. ಅವಳ ಗಂಡ ಬಸಲಿಂಗ ಹೊಳೆಯಲ್ಲೇ ಹುಟ್ಟಿದನೇನೋ ಅನ್ನುವಂಥ ಈಜುಗಾರ. ಒಂದು ಮುಂಜಾನೆ, ಸಣ್ಣವನಿದ್ದಾಗಿನಿಂದ ನಡೆದಾಡಿದ ಮೊಣಕಾಲುದ್ದದ ನೀರಿಗೆ ಬಲೆ ಹೊತ್ತು ಇಳಿದವನು ಮೇಲೆ ಬರಲಿಲ್ಲ. ಮರಳೆತ್ತುವ ಯಂತ್ರಗಳು ಅಲ್ಲಿ ಆಳವಾದ ಗುಂಡಿ ತೋಡಿ ಹೋಗಿದ್ದವು. ಕಾಲು ಜಾರಿ ಬಿದ್ದವನನ್ನು ಅವನದೇ ಬಲೆ ಸುತ್ತಿಕೊಂಡಿತ್ತು. ಯಂತ್ರ ಯಾರವು ಎಂದು ಊರ ನಾಯಿಗೂ ಗೊತ್ತು: ಬಸವಂತ್ರಾಯ ಧಣಿಯವು. ಸರಕಾರದ ಕಾಗದದಲ್ಲಿ ಮಾತ್ರ ಬಸಲಿಂಗ ಕುಡಿದು ಬಿದ್ದು ಸತ್ತಿದ್ದ. ಜನ್ಮದಲ್ಲಿ ಹೆಂಡ ಮುಟ್ಟದವನನ್ನು ಸತ್ತ ಮೇಲೆ ಕುಡುಕನನ್ನಾಗಿ ಮಾಡಿದರು.

ಆ ಕಡೆಯ ಹೆಂಗಸರು ಹೆಣದ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವನ ಗುಣ, ಉಳಿದವರ ಗತಿ, ಮಾಡಿದವರ ಪಾಪ, ಎಲ್ಲ ಅದರಲ್ಲಿ ಬರುತ್ತದೆ. ಅಳುವ ಬಾಯನ್ನು ಮುಚ್ಚಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಮೋನಮ್ಮ ಅತ್ತಳು:

"ಮೊಣಕಾಲ ನೀರಾಗ ಮುಳುಗ್ಯಾನ ನನ ರಾಯ
ತಳ ಯಾರು ಕದ್ದಾರ ಹೊಳಿಯವ್ವಾ
ಬಸವಂತ್ರಾಯಾ, ನೀ ಕಟ್ಟಿದ ಮಾಳಿಗಿ
ಗ್ವಾಡ್ಯಾಗ ನನ ಗಂಡ ನಿಂತಾನೋ!"

ಹೆಸರು ಬರುವ ಜಾಗದಲ್ಲಿ ಅವಳ ದನಿ ಮೇಲಕ್ಕೇರಿ, ಒಡೆದು, ಕೆಳಗೆ ಬೀಳುತ್ತಿತ್ತು. ನೆರೆದ ಗಂಡಸರು ನೆಲ ನೋಡಿದರು. ಧಣಿಯ ಮೇಲೆ ಆ ಊರು ಕೊಟ್ಟ ಫಿರ್ಯಾದು ಅದೊಂದೇ.

ಇದಾಗಿ ಎರಡು ವರ್ಷಕ್ಕೆ ಬೆಂಗಳೂರಿನಿಂದ ನಂದಿನಿ ಎಂಬ ಸ್ಯಾಕ್ಸೋಫೋನ್ ವಾದಕಿ ಸುರಪುರಕ್ಕೆ ಬಂದಳು. ನದಿಗಳನ್ನು ದೋಚುವವರ ವಿರುದ್ಧ ಅವಳ ತಂಡ ಒಂದು ಜಾಜ್ ಆಲ್ಬಮ್ ಮಾಡುತ್ತಿತ್ತು. ಹಾಡುವವರಿಲ್ಲ, ಬರೀ ವಾದ್ಯ. ಹೊಳೆದಂಡೆಯ ಊರುಗಳಲ್ಲಿ ಊದುವವರನ್ನು ಹುಡುಕುತ್ತಿದ್ದಳು. ಸುಲ್ತಾನಸಾಬನ ಕಂಪನಿಗೂ ಬಂದು, ಜಾಜ್ ಎಂದರೇನೆಂದು ತನ್ನ ಫೋನಿನಲ್ಲಿ ಒಂದಷ್ಟು ಕೇಳಿಸಿದಳು. ಸುಲ್ತಾನಸಾಬ ಗಡ್ಡ ನೀವಿಕೊಂಡು ತೀರ್ಪು ಕೊಟ್ಟ.

"ಇದು ನಮ್ಮ ಬ್ಯಾಂಡೇ ಐತಿ ಬೇಟಾ. ನಾವು ಬಿಸಲಾಗ ನಡಕೋತ ಊದ್ತೀವಿ, ಅವರು ನೆಳ್ಳಾಗ ಕುಂತು ಊದ್ತಾರ. ಅಷ್ಟ ಫರಕು."

"ಇದು ಸಿಟ್ಟಿನ ಸಂಗೀತ," ಎಂದಳು ನಂದಿನಿ. "ಅಮೆರಿಕದ ಕಪ್ಪು ಜನ ತಮಗಾದ ಅನ್ಯಾಯವನ್ನ ಇದರಲ್ಲೇ ಹೇಳಿದ್ದಾರೆ. ನಿಮ್ಮ ಹೊಳೆಗೂ ಹೇಳೋದು ಇರಬೇಕಲ್ಲ?"

ತಿರುಪತಿ ನೇರ ಅಕ್ಕನ ಮನೆಗೆ ಹೋದ. ಮೋನಮ್ಮ ರೊಟ್ಟಿ ಬಡಿಯುತ್ತಿದ್ದಳು.

"ನೀ ಅತ್ತದ್ದನ್ನ ನುಡಸ್ಲೇನಕ್ಕಾ? ದೇಶಕ್ಕೆಲ್ಲ ಕೇಳಸ್ತೈತಂತ."

ಅವಳು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ, "ನುಡಸು. ಆದರ ಆ ಧಣಿ ಹೆಸರ ಬಿಡಬ್ಯಾಡ," ಎಂದಳು.

"ಬಿಡಂಗಿಲ್ಲಕ್ಕ."

ಬೆಂಗಳೂರಿನ ಸ್ಟುಡಿಯೋದಲ್ಲಿ ಅವನು ಕಣ್ಣು ಮುಚ್ಚಿ ಊದಿದ. ಹೆಸರಿನ ಜಾಗ ಬಂದಾಗ ಪಿಯಾನೋದವನು ನುಡಿಸುವುದನ್ನೇ ನಿಲ್ಲಿಸಿಬಿಟ್ಟ, ನಂದಿನಿ ಕಣ್ಣೊರೆಸಿಕೊಂಡಳು. ತಿರುಪತಿಗೆ ಖಾತ್ರಿಯಾಯಿತು, ಇವರಿಗೆ ಹೆಸರು ಕೇಳಿಸಿದೆ. ಆಮೇಲೆ ಅವನೇ ಮಾತುಗಳನ್ನೂ ಅದರ ಹಿಂದಿನ ಕಥೆಯನ್ನೂ ಬಿಡಿಸಿ ಹೇಳಿದ. ನಂದಿನಿಯ ಮುಖ ಸಣ್ಣದಾಯಿತು.

"ಹೆಸರು ಎಲ್ಲೂ ಬರೆಯೋದು ಬೇಡ ತಿರುಪತಿ, ವಕೀಲರು ಒಪ್ಪಲ್ಲ. ಸಂಗೀತವೇ ಎಲ್ಲ ಹೇಳುತ್ತೆ."

ಅವಳು ಕೆಟ್ಟವಳಲ್ಲ. ಹೆದರಿದಳು, ಅಷ್ಟೇ. ತಿರುಪತಿಯೂ ಹೂಂ ಅಂದ. ಬರೆಯದಿದ್ದರೇನಂತೆ, ರಾಗದಲ್ಲೇ ಇದೆಯಲ್ಲ!

ಆಲ್ಬಮ್ ಹೊರಬಂತು. ಅದರ ಮೇಲೆ 'ಕೃಷ್ಣಾ ತೀರದ ಜಾನಪದ ಶೋಕಗೀತೆ' ಎಂದು ಅಚ್ಚಾಗಿತ್ತು. ಕೊಂದವನ ಹೆಸರು ಹೋಗಲಿ, ಅತ್ತವಳ ಹೆಸರೂ ಇರಲಿಲ್ಲ. ಪತ್ರಿಕೆಗಳು ಅದನ್ನು ಅಧಿಕಾರದ ಎದುರು ಎದ್ದ ದಿಟ್ಟ ದನಿ ಎಂದು ಕೊಂಡಾಡಿದವು. ಯಾರ ಅಧಿಕಾರ, ಯಾವ ಊರಲ್ಲಿ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಯಾರ ಕೂದಲೂ ಕೊಂಕದ ದಿಟ್ಟತನ ಎಲ್ಲರಿಗೂ ಇಷ್ಟ. ಅಷ್ಟರಲ್ಲಿ ಶಹಾಪುರದ ಡಿಜೆಯೊಬ್ಬ ಅದಕ್ಕೆ ಧಡಧಡ ಏಟು ಸೇರಿಸಿ ಕುಣಿಯುವ ಹಾಡು ಮಾಡಿದ. ಯಾದಗಿರಿ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲೂ ಅದೇ, ಹುಡುಗರ ರೀಲ್ಸಿನಲ್ಲೂ ಅದೇ.

ಅದೇ ವರ್ಷ ಬಸವಂತ್ರಾಯ ಚುನಾವಣೆ ಗೆದ್ದ. ಅವನ ಮಂದಿ ಬ್ಯಾಂಡ್ ಕಂಪನಿಗೆ ಬಂದರು.

"ಧಣ್ಯಾರಿಗಿ ಆ ಹಾಡು ಭಾಳ ಸೇರೈತಿ. ನಮ್ಮ ಸೀಮಿ ಹಾಡು ದಿಲ್ಲಿತನಕ ಹೋಗೈತಂತ ಎಲ್ಲಾರ ಮುಂದ ಹೇಳ್ತಾರ. ಮೆರವಣಿಗ್ಯಾಗ ತಿರುಪತಿನ ಮುಂದ ನಿಂತು ನುಡಸಬೇಕು."

ಅವರು ಹೋದ ಮೇಲೆ ಸುಲ್ತಾನಸಾಬ ತಲೆ ಎತ್ತದೆಯೇ ಹೇಳಿದ: "ಒಲ್ಲೆ ಅಂದ್ರ ನಾಳಿಂದ ನಮಗ ಒಂದ ಮದವಿನೂ ಸಿಗಂಗಿಲ್ಲ ಬೇಟಾ. ನನ್ನ ಹೊಟ್ಟಿ ಬಿಡು, ಉಳಿದ ಮಂದಿ ಏನ್ ಮಾಡ್ತಾರ?"

ತಿರುಪತಿ ಒಪ್ಪಿಕೊಂಡ. ಹೊಟ್ಟೆಯ ಹೆದರಿಕೆ ಒಂದೇ ಕಾರಣವಲ್ಲ. ಅವನ ತಲೆಯಲ್ಲಿ ಒಂದು ಹುಚ್ಚು ಆಸೆ ಹೊಕ್ಕಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎದುರಿಗೆ ನಿಂತು ಆ ಜಾಗವನ್ನು ಊದಿದರೆ ಧಣಿಯ ಮುಖ ಕಪ್ಪಿಡದೇ ಇರುತ್ತದೆಯೇ? ಊರೆಲ್ಲ ನೋಡಲಿ, ಅಕ್ಕ ನೋಡಲಿ.

ಮೆರವಣಿಗೆ ಸಂಜೆ ಹೊತ್ತಿಗೆ ಹಳ್ಳಿಗೆ ಬಂದು, ಮೋನಮ್ಮನ ಓಣಿಗೆ ತಿರುಗಿತು. ತೆರೆದ ಜೀಪಿನಲ್ಲಿ ಬಸವಂತ್ರಾಯ ಕುತ್ತಿಗೆ ಕಾಣದಷ್ಟು ಹಾರ ಹಾಕಿಕೊಂಡು ನಿಂತಿದ್ದ. ಅಕ್ಕನ ಮನೆಯ ಎದುರು ತಿರುಪತಿ ಜೀಪಿನ ಕಡೆ ತಿರುಗಿ, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಊದಿದ. ಹೆಸರು ಮೇಲಕ್ಕೇರಿತು, ಒಡೆಯಿತು, ಕೆಳಗೆ ಬಿತ್ತು.

ಬಸವಂತ್ರಾಯನ ಮುಖ ಅರಳಿತು. ಜೀಪಿನಿಂದ ಇಳಿದ, ಶಲ್ಯವನ್ನು ಸೊಂಟಕ್ಕೆ ಬಿಗಿದ, ಎರಡೂ ಕೈ ಎತ್ತಿ ಕುಣಿಯತೊಡಗಿದ.

"ಅದ ಜಾಗ! ಅದ ಜಾಗ ಇನ್ನೊಮ್ಮಿ ನುಡಸಲೇ!" ಎಂದು ಕೂಗಿದ.

ತಿರುಪತಿ ಇನ್ನೊಮ್ಮೆ ನುಡಿಸಿದ. ಮತ್ತೊಮ್ಮೆ ನುಡಿಸಿದ. ಯಾರೋ ಅವನ ಕೆಂಪು ಕೋಟಿಗೆ ನೋಟು ಚುಚ್ಚಿದರು. ಬಸಲಿಂಗನ ಹೆಣದ ಮುಂದೆ ನೆಲ ನೋಡಿದ್ದ ಗಂಡಸರೇ ಸೀಟಿ ಹೊಡೆಯುತ್ತ ಧಣಿಯ ಸುತ್ತ ಕುಣಿಯುತ್ತಿದ್ದರು. ಅವರಿಗಂತೂ ಮಾತು ಗೊತ್ತಿತ್ತು. ಗೊತ್ತಿದ್ದೂ ಕುಣಿದರು.

ಮೆರವಣಿಗೆ ಮುಂದೆ ಸಾಗಿದ ಮೇಲೆ ತಿರುಪತಿ ಹಿಂದೆ ಉಳಿದು ಅಕ್ಕನ ಬಾಗಿಲಿಗೆ ಬಂದ. ಹೊಸ್ತಿಲ ಮೇಲೆ ನಿಂತಿದ್ದ ಮೋನಮ್ಮ ಒಳಗೆ ಬಾ ಅನ್ನಲಿಲ್ಲ.

"ಹೆಸರ ಬಿಡಬ್ಯಾಡ ಅಂದಿದ್ನೆಲ್ಲೋ ತಮ್ಮಾ."

"ಬಿಟ್ಟಿಲ್ಲಕ್ಕ. ಹೆಸರ ಅದರಾಗ ಐತಿ. ನಿನ್ನ ಆಣಿ."

ಅವಳು ಬೈಯಲಿಲ್ಲ, ಅಳಲಿಲ್ಲ. ಅವನ ಮುಖವನ್ನೇ ನೋಡುತ್ತ ಕೇಳಿದಳು:

"ಐತೇನು? ಹಂಗಾದ್ರ ಅವ ಹೆಂಗ ಕುಣದ?"