ವಿನೋದಕ್ಕನ ಬರಿಗಾಲು

ನನ್ನ ಅಕ್ಕ ವಿನೋದಾ ಒಂದು ಕಡೆ ಸುಮ್ಮನೆ ಕೂತದ್ದನ್ನು ನೋಡಿದವರು ಖಾರಘರದ ಅವಳ ವಸತಿ ಸೊಸೈಟಿಯಲ್ಲಿ ಯಾರೂ ಇಲ್ಲ. ಟಿವಿಯನ್ನೂ ನಿಂತೇ ನೋಡುತ್ತಾಳೆ, ಕೈಯಲ್ಲೊಂದು ಒರೆಸುವ ಬಟ್ಟೆ. ಹೋದ ವರ್ಷ ಭಜನೆಗೆ ಕರೆದುಕೊಂಡು ಹೋದರೆ ಕಾಲು ಕುಣಿಸಿ ಕುಣಿಸಿ ಪಕ್ಕದವರ ಜೀವ ತಿಂದಳು. "ಕಾಲೊಳಗೆ ಎಂತದೋ ಹರಿದ ಹಾಗೆ ಆಗ್ತದೆ ವಸಂತಿ, ಕೂರ್ಲಿಕ್ಕೇ ಆಗುದಿಲ್ಲ" ಎಂದಳು. "ಅವಳದ್ದು ಹುಟ್ಟುಗುಣ" ಎಂದು ಭಾವ ನಗಾಡಿದರು. ಎಲ್ಲರೂ ನಕ್ಕೆವು.

ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಬಿಪಿ ಇಳಿಯುತ್ತದೆ ಎಂದು ಮೂರು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಅವಳಿಗೆ ವಾಟ್ಸಾಪ್ ಕಳಿಸಿದ್ದ. ಅವತ್ತಿನಿಂದ ಬೆಳಿಗ್ಗೆ ಎದ್ದರೆ ಸೊಸೈಟಿಯ ತೋಟ. ಮಳೆಗಾಲದಲ್ಲೂ ಬಿಡಲಿಲ್ಲ. ಬೆರಳ ಸಂದಿ ತುರಿಸಿದರೆ ಅರಿಶಿನ ಎಣ್ಣೆ ಹಚ್ಚಿ ಮತ್ತೆ ಹೊರಟಳು. ಮಗಳು ಮಾನಸಿ ಬಸುರಿಯಾಗಿ, ಘೋಡಬಂದರ್ ರಸ್ತೆಯ ಫ್ಲಾಟಿನಲ್ಲಿ ಒಬ್ಬಳೇ ವಾಂತಿ ಮಾಡಿ ಸಾಕಾಗಿ, ಮೂರನೇ ತಿಂಗಳಿಗೇ ತಾಯಿಮನೆಗೆ ಬಂದಳು. ಅವಳನ್ನಾದರೂ ಬಿಟ್ಟಳಾ? "ಅಮ್ಮಾ, ಬಸ್ ಕರೋ ನಾ, ಸಾಕು" ಎಂದು ಹುಡುಗಿ ಗೋಗರೆದರೂ ಚಪ್ಪಲಿ ಬಿಡಿಸಿ ಎಳೆದುಕೊಂಡು ಹೋಗುತ್ತಿದ್ದಳು.

ಇನ್ನು ನಮ್ಮ ಯಜ್ಞೇಶ್ವರ ಭಾವ. ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸಿದವರು. ವೇಟರುಗಳ ಉಗುರು ನೋಡದೆ ಶಟರ್ ಎತ್ತಿಸಿದವರಲ್ಲ. ಹೋಟೆಲು ಬಿಟ್ಟ ಮೇಲೆ ಆ ಚಪಲವನ್ನೆಲ್ಲ ಸೊಸೈಟಿಯ ಮೇಲೆ ತೀರಿಸಿಕೊಂಡರು. ನಾಲ್ಕು ವರ್ಷದ ಹಿಂದೆ ಸೆಕ್ರೆಟರಿಯಾದದ್ದೇ ತಡ, ಕೆಲಸದವರು ಗಲೀಜು ಮಾಡುತ್ತಾರೆಂದು ಕೆಳಗಿನ ಕಕ್ಕಸಿಗೆ ಬೀಗ ಜಡಿಸಿದರು. ಕೀಲಿ ಅವರ ಸೊಂಟದಲ್ಲಿ. ಅಬ್ಬಬ್ಬಾ, ತಿಜೋರಿಯ ಕೀಲಿಯನ್ನೂ ಯಾರೂ ಅಷ್ಟು ಜೋಪಾನ ಮಾಡುವುದಿಲ್ಲ.

ಮಾನಸಿಗೆ ಏಳು ತಿಂಗಳು ತುಂಬುವಾಗ ರಕ್ತ ತೀರಾ ಕಡಿಮೆಯಾಗಿತ್ತು. ಕಬ್ಬಿಣದ ಮಾತ್ರೆ, ಖರ್ಜೂರ, ಬೀಟ್‌ರೂಟ್ ಯಾವುದಕ್ಕೂ ಜಗ್ಗಲಿಲ್ಲ. "ಹೀಗೇ ಇದ್ದರೆ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರಿಗೂ ಅಪಾಯ" ಎಂದರು ಡಾಕ್ಟರಮ್ಮ. ಹುಡುಗಿಯೋ, ಹಸಿ ಅಕ್ಕಿ ಮುಕ್ಕುತ್ತಲೇ ಇದ್ದಳು. ಬಸುರಿಯ ಬಯಕೆ, ಇಲ್ಲವೆನ್ನಬಾರದು ಎಂದು ಅಕ್ಕ ಪರ್ಸಿನಲ್ಲೇ ಅಕ್ಕಿಯ ಪೊಟ್ಟಣ ಇಟ್ಟುಕೊಂಡು ತಿರುಗುತ್ತಿದ್ದಳು.

ಮುಂದಿನ ಸಲ ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಮಾನಸಿಯ ರಿಪೋರ್ಟು ಓದುತ್ತಿದ್ದರು. ಅಕ್ಕ ಕಾಲು ಕುಣಿಸುತ್ತ ಪರ್ಸಿಗೆ ಕೈ ಹಾಕಿದಳು, ಒಂದು ಚಿಟಿಕೆ ಅಕ್ಕಿ ತೆಗೆದಳು, ತನ್ನ ಬಾಯಿಗೇ ಹಾಕಿಕೊಂಡಳು. ಮತ್ತೊಂದು ಚಿಟಿಕೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಮಾವಶೀ, ಬೇಟಿ ತೋ ಪ್ರೆಗ್ನೆಂಟ್ ಹೈ. ಆಪ್ ಕ್ಯೋಂ ಚಾವಲ್ ಖಾ ರಹೀ ಹೋ?"

ಹೌದಲ್ಲ! ಮಗಳಿಗೆ ಬಯಕೆ, ಅರುವತ್ತು ದಾಟಿದ ಅಕ್ಕನಿಗೆ ಎಂತದ್ದು? ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದರು. ಒಳಗೆಲ್ಲ ಬಿಳಿ. ಇಬ್ಬರದೂ ಮಲ ಪರೀಕ್ಷೆಗೆ ಬರೆದರು, ಮಾರನೇ ದಿನ ಮತ್ತೆ ಹೋದರೆ ಇಬ್ಬರ ಹೊಟ್ಟೆಯಲ್ಲೂ ಕೊಕ್ಕೆಹುಳ ಸಿಕ್ಕಿತ್ತು. ಹುಳ ಇದ್ದವರು ಬಯಲಿಗೆ ಕೂತರೆ ಅದರ ಮರಿ ಒದ್ದೆ ಮಣ್ಣಿನಲ್ಲಿ ಬೆಳೆದು ಬರಿಗಾಲನ್ನು ಕೊರೆದು ಒಳಗೆ ಸೇರುತ್ತದಂತೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದಂತೆ. ಹಸಿ ಅಕ್ಕಿಯ ಚಪಲ, ಕಾಲಿನ ಚಡಪಡಿಕೆ, ಎಲ್ಲ ರಕ್ತ ಕಡಿಮೆಯಾದದ್ದಕ್ಕೇ. ಹುಟ್ಟುಗುಣವಂತೆ, ಮಣ್ಣಂಗಟ್ಟಿ! ಈ ತಿಂಗಳಲ್ಲಿ ಬಸುರಿಗೂ ಕೊಡಬಹುದೆಂದು ಇಬ್ಬರಿಗೂ ಹುಳದ ಮಾತ್ರೆ ಕೊಟ್ಟರು, ಅಕ್ಕನಿಗೆ ಕಬ್ಬಿಣದ ಮಾತ್ರೆ, ಮಾನಸಿಗೆ ಕಬ್ಬಿಣದ ಇಂಜೆಕ್ಷನ್ ಶುರು ಮಾಡಿದರು.

ಅಕ್ಕ ರಿಕ್ಷಾದಿಂದ ಇಳಿದವಳೇ ತೋಟದ ಮಾಲಿ ಮುರಾರಿಯನ್ನು ಕರೆದಳು. ಅವನೂ ಬರಿಗಾಲಲ್ಲೇ ಇದ್ದ, ಮುಖ ಬೂದಿ ಬೂದಿ. ಕಕ್ಕಸಿಗೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿದಳು. ಅವನು ಲಾನಿನ ಅಂಚಿನ ಬೇಲಿಗಿಡಗಳ ಕಡೆ ನೋಡಿ ತಲೆ ತಗ್ಗಿಸಿದ. "ತಾಲಾ ಹೈ ನಾ, ಮಾಯೀ. ಕಹಾಂ ಜಾತಾ?" ಬೀಗ ಹಾಕಿದೆಯಲ್ಲ, ಇನ್ನೆಲ್ಲಿಗೆ ಹೋಗಲಿ ಎಂದ.

ಅಷ್ಟರಲ್ಲಿ ಭಾವ ಇಳಿದು ಬಂದಿದ್ದರು. ವಿಷಯ ತಿಳಿದದ್ದೇ ಕೆಂಡವಾದರು. "ನನ್ನ ತೋಟದಲ್ಲಿ! ಇವನನ್ನು ಇವತ್ತೇ ತೆಗೀತೇನೆ!"

ಅಕ್ಕ ನೆಟ್ಟಗೆ ಹೋಗಿ ಕಕ್ಕಸಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

"ಕೀಲಿ ಕೊಡಿ."

"ಏಳು ಮಾರಾಯ್ತಿ, ಜನ ನೋಡ್ತಾರೆ."

"ನೋಡ್ಲಿ. ನನ್ನ ಮಗಳು ಸಾಯುವ ಹಾಗೆ ಆದದ್ದು ಇವನಿಂದ ಅಲ್ಲ, ನಿಮ್ಮ ಬೀಗದಿಂದ. ಕೈಹಿಡಿದು ಎಳ್ಕೊಂಡು ಹೋದವಳು ನಾನು. ಅವನನ್ನು ತೆಗೀಲಿಕ್ಕಿಲ್ಲ. ಕೀಲಿ ಕೊಡದೆ ನಾನು ಏಳುದಿಲ್ಲ."

ಅವಳ ಕಾಲುಗಳು ಒದ್ದಾಡುತ್ತಿದ್ದವು. ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿದು, ಹಲ್ಲು ಕಚ್ಚಿ, ಕಣ್ಣೀರು ಸುರಿಸುತ್ತ ಕೂತಳು. ಲಿಫ್ಟಿನಿಂದ ಬಂದವರೆಲ್ಲ ನಿಂತರು. ನನಗೂ ಅಳು ಬಂತು. ಎದ್ದು ಒಂದು ಸುತ್ತು ನಡೆ ಅಕ್ಕಾ ಎಂದರೂ ಕೇಳಲಿಲ್ಲ. ಕೊನೆಗೆ ಭಾವ ಆ ಕಾಲುಗಳನ್ನೇ ನೋಡಿದರು. ಸೊಂಟಕ್ಕೆ ಕೈ ಹಾಕಿದರು, ಕೀಲಿಯನ್ನು ಮುರಾರಿಯ ಕೈಗೇ ಕೊಟ್ಟರು.

ಮುರಾರಿಗೂ ಮಾತ್ರೆ ಕೊಡಿಸಿದೆವು, ಚಪ್ಪಲಿಯನ್ನೂ. ಮಾನಸಿಯ ರಕ್ತ ನಿಧಾನಕ್ಕೆ ಏರಿತು. ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಭಾವ ಆಚೆ ಈಚೆ ಓಡಾಡಿದ್ದೇ ಓಡಾಡಿದ್ದು. ನರ್ಸು ಕೂಸನ್ನು ತಂದಾಗ ಅಕ್ಕ ಬೆಂಚಿನ ಮೇಲೆ ಕೂತಿದ್ದಳು, ಮಡಿಲು ಚಾಚಿ. ಅವಳ ಕಾಲು ಅಲ್ಲಾಡುತ್ತಿರಲಿಲ್ಲ.