ಅಕ್ಕನ ನಲವತ್ತು ಮಾತು

ನಡೆಯುತ್ತಿರುವ ಯಂತ್ರಕ್ಕೆ ಕೈ ಹಾಕಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಕ್ಕ ಹೇಳಿದ್ದಳು. ಆಗ ಅವಳಿಗೆ ದನಿ ಇರಲಿಲ್ಲ, ತಲೆ ಅಲ್ಲಾಡಿಸಿ ಹೇಳಿದ್ದಳು. ಕೇಳುವ ವ್ಯವಧಾನ ನನಗಿರಲಿಲ್ಲ.

ನಾವು ಹುಟ್ಟಿದ್ದು ದೇವದುರ್ಗದಲ್ಲಿ. ಅಕ್ಕ ಮದುವೆಯಾಗಿ ಮಾನ್ವಿಗೆ ಹೋದವಳು ಅಲ್ಲೇ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಳು. ಕೈ ಎಷ್ಟು ಸಾಫೋ ಬಾಯಿ ಅಷ್ಟು ಜೋರು. ಹತ್ತಿರದ ಕುರ್ಡಿ ಹಳ್ಳಿಯಿಂದ ಬರುವ ಹೆಂಗಸರು ಅಳತೆಯ ಬ್ಲೌಸ್ ಮರೆತು ಬಂದರೆ ಬಾಗಿಲಲ್ಲೇ ಬೈಸಿಕೊಳ್ಳುತ್ತಿದ್ದರು, ಮುಂದಿನ ವಾರ ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು.

ಮೂರು ವರ್ಷದ ಹಿಂದೆ ಅವಳ ಗಂಟಲಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ನಾನು ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಹತ್ತಿಯ ಬೇಲುಗಳ ನಂಬರು ಹಾಕಿಕೊಳ್ಳಲು ಅಲ್ಲಿ ಅಂಗೈ ಅಗಲದ ಕಂಪ್ಯೂಟರುಗಳಿದ್ದವು. ಹೊಸವು ಬಂದಾಗ ಹಳೆಯದೊಂದನ್ನು ಕೇಳಿ ತೆಗೆದುಕೊಂಡೆ. ಪರದೆಯ ಮೇಲೆ ನಲವತ್ತು ಚೌಕ ಬರುವಂತೆ ಮಾಡಿದೆ. ಒಂದೊಂದು ಚೌಕದಲ್ಲಿ ಅಕ್ಕನ ದನಿಯಲ್ಲೇ ಒಂದೊಂದು ಮಾತು ತುಂಬಬೇಕು, ಬೆರಳಿಟ್ಟರೆ ಅದು ಕೇಳಬೇಕು.

ಆಪರೇಷನ್ನಿಗೆ ಎರಡು ದಿನ ಮೊದಲು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತುಂಬಿದೆವು. ನಾನು ಪಟ್ಟಿ ಬರೆದುಕೊಂಡು ಹೋಗಿದ್ದೆ: ನೀರು ಬೇಕು, ನೋವಾಗುತ್ತಿದೆ, ಡಾಕ್ಟರನ್ನು ಕರೆಯಿರಿ. ಅಕ್ಕ ಅದನ್ನು ಓದಿ ನಕ್ಕಳು.

"ಇದೆಲ್ಲಾ ಕೈ ಮಾಡಿ ತೋರಿಸ್ತೀನಿ ಬೇ. ಕೈಲೆ ಹೇಳಾಕ ಬರಲಾರದ್ದು ಅದಾವಲ್ಲ, ಅವನ್ನ ತುಂಬು."

ಹಾಗೆ ತುಂಬಿದ್ದು ಅವಳ ಅಂಗಡಿಯ ಮಾತುಗಳನ್ನು. "ತೋಳು ಬಿಗಿ ಆದ್ರ ನನ್ನ ತಪ್ಪಲ್ರಿ, ನೀವು ದಪ್ಪ ಆಗೀರಿ." "ನಾಳಿ ಅಂದ್ರ ನಾಳಿ ಅಲ್ಲ, ನಾಡದ ಬರ್ರಿ." ಹೊಲಿದದ್ದನ್ನು ಕೈಗೆ ಕೊಡುವಾಗ ಪ್ರತಿಯೊಬ್ಬರಿಗೂ ಹೇಳುತ್ತಿದ್ದ "ಉಟ್ಟು ಹರೀರಿ, ಮತ್ತ ಬರ್ರಿ." ಮೂವತ್ತೊಂಬತ್ತು ಆದ ಮೇಲೆ ನನ್ನನ್ನು ಚಹಾ ತರಲು ಕಳಿಸಿದಳು. ಬರುವಷ್ಟರಲ್ಲಿ ಕೊನೆಯದನ್ನು ಒಬ್ಬಳೇ ತುಂಬಿ ಮುಗಿಸಿದ್ದಳು. ಏನು ಎಂದು ಕೇಳಿದರೆ, "ಬೇಕಾದಾಗ ಕೇಳೀಯಂತ" ಎಂದಳು. ಅದಾದ ಮೇಲೂ ನನ್ನೆದುರಿಗೆ ಅದನ್ನು ಒಮ್ಮೆಯೂ ಒತ್ತಲಿಲ್ಲ.

ಮೂರು ವರ್ಷ ಆ ಯಂತ್ರ ಅವಳ ಕತ್ತರಿಸುವ ಮೇಜಿನ ಮೇಲೇ ಇತ್ತು. ಆಪರೇಷನ್ನಿನಲ್ಲಿ ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡಿದ ತೂತಿಗೆ ತಾನೇ ಹೊಲಿದ ಬಟ್ಟೆ ಕಟ್ಟಿಕೊಂಡು, ಬೆರಳಿನಿಂದ ಬೈದಳು, ಬೆರಳಿನಿಂದ ಹರಸಿದಳು. ಗಿರಾಕಿ ಒಬ್ಬರೂ ಕಡಿಮೆಯಾಗಲಿಲ್ಲ.

ಈ ವರ್ಷ ಪರದೆಯ ಕೆಳಗೆ ಹೊಸ ಅಪ್‌ಡೇಟ್ ಬಂದಿದೆ ಎಂಬ ಪಟ್ಟಿ ಕಾಣಿಸಿಕೊಳ್ಳತೊಡಗಿತು. ತೆಗೆದರೆ ಮತ್ತೆ ಬರುತ್ತಿತ್ತು, ಕೊನೆಯ ಸಾಲಿನ ಚೌಕಗಳನ್ನು ಮುಚ್ಚುತ್ತಿತ್ತು. ಒಂದು ಭಾನುವಾರ ಹೋದಾಗ ನೋಡಿದೆ. ನನಗೋ ಹಾಗೇ ಬಿಟ್ಟದ್ದನ್ನು ಕಂಡರೆ ಕೈ ಕಡಿಯುತ್ತದೆ. ಒತ್ತಲು ಹೋದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ತಲೆ ಅಲ್ಲಾಡಿಸಿದಳು.

"ಸುಮ್ನಿರು ಬೇ, ನಿನಗೇನ್ ತಿಳೀತದ" ಎಂದೆ.

ಬಾಯಿ ಹೋದವಳಿಗೆ ಸುಮ್ಮನಿರು ಎಂದ ಈ ನಾಲಿಗೆಗೆ ಏನು ಹೇಳಲಿ. ಅವಳು ಕೈ ಬಿಟ್ಟಳು. ನಾನು ಒತ್ತಿದೆ.

ಯಂತ್ರ ಆರಿ, ಹತ್ತಿ, ಮತ್ತೆ ಆರಿ, ಕೊನೆಗೆ ಬಣ್ಣ ಬಣ್ಣವಾಗಿ ತೆರೆದುಕೊಂಡಿತು. ನಲವತ್ತು ಚೌಕ ಹಾಗೇ ಇದ್ದವು. ಅಕ್ಕ ಬೆರಳಿಟ್ಟಳು. ಏನೂ ಇಲ್ಲ. ಸೆರಗಿನಿಂದ ಪರದೆ ಒರೆಸಿ ಇನ್ನೊಮ್ಮೆ ಇಟ್ಟಳು. ನಾನು ಆರಿಸಿ ಹಾಕಿದೆ, ಉಗುರಿನಿಂದ ಒತ್ತಿದೆ, ಅಂಗೈಯಿಂದ ತಟ್ಟಿದೆ. ಆ ಮಾತುಗಳನ್ನು ಬೇರೆಲ್ಲೂ ಇಳಿಸಿ ಇಟ್ಟಿಲ್ಲ ಎಂಬುದು ಆಗ ನೆನಪಾಯಿತು. ಅವಳ ದನಿ ಇದ್ದದ್ದು ಅದೊಂದರಲ್ಲೇ.

ಮುಂದಿನ ವಾರವೆಲ್ಲಾ ಅಕ್ಕ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಮೇಜಿನ ಮೇಲೆ ಬರೆದು ಮಾತಾಡಿದಳಂತೆ. ಕುರ್ಡಿಯ ಮುದುಕಿಯೊಬ್ಬಳಿಗೆ ಓದಲು ಬರುತ್ತಿರಲಿಲ್ಲ. ಬ್ಲೌಸ್ ತೆಗೆದುಕೊಂಡು, "ಉಟ್ಟು ಹರಿ ಅನ್ನು ಯವ್ವಾ" ಎಂದು ಕಾಯುತ್ತಾ ನಿಂತಳಂತೆ. ಅಕ್ಕ ಕೈ ಮುಗಿದು ಕಳಿಸಿದಳಂತೆ. ಇದನ್ನು ಭಾವ ಫೋನಿನಲ್ಲಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಎಲ್ಲೋ ಕೂತು ಆ ಅಪ್‌ಡೇಟ್ ಬರೆದವರಿಗೆ, ಮಾನ್ವಿಯಲ್ಲಿ ಒಬ್ಬಳ ಬಾಯಿ ಈ ಹಳೆಯ ಗಾಜಿನ ಮೇಲೆ ನಿಂತಿದೆ ಎಂದು ಹೇಗೆ ಗೊತ್ತಾಗಬೇಕು? ನನಗೆ ಗೊತ್ತಿತ್ತು.

ಅಕ್ಕನನ್ನು ರಾಯಚೂರಿಗೆ ಕರೆಸಿದೆ. ಸ್ಟೇಷನ್ ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ವಯಸ್ಸಾದ ಸಾಹೇಬರೊಬ್ಬರ ಹತ್ತಿರ ಹೋದೆವು. ಅವರು ಯಂತ್ರವನ್ನು ಬಿಚ್ಚಿ ನೋಡಿ ಮುಚ್ಚಿದರು.

"ಗ್ಲಾಸ್ ಖರಾಬ್ ಆಗಿಲ್ರಿ ಅಕ್ಕಾರ. ಹೊಸಾ ಸಾಫ್ಟ್‌ವೇರಿಗೆ ಈ ಹಳೀ ಗ್ಲಾಸಿನ ಗುರ್ತು ಸಿಗವಲ್ದು. ಎಲ್ಲಾ ಅಳಿಸಿ ಹಳೇದು ಹಾಕಿದ್ರ ಟಚ್ ನಡೀತದ. ಆದ್ರ ಒಳಗಿಂದು ಏನೂ ಉಳಿಯಂಗಿಲ್ಲ. ಏನ್ ಅದರೀ ಒಳಗ?"

"ಅಕ್ಕನ ಮಾತು" ಎಂದೆ.

ಸಾಹೇಬರು ಅಕ್ಕನ ಕುತ್ತಿಗೆಯ ಬಟ್ಟೆ ನೋಡಿದರು. ಡ್ರಾಯರಿನಿಂದ ಒಂದು ಗೇಣುದ್ದದ ವೈರು ತೆಗೆದರು. ಅದರ ಒಂದು ತುದಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಇನ್ನೊಂದಕ್ಕೆ ತಮ್ಮ ಕಂಪ್ಯೂಟರಿನ ಮೌಸ್ ಜೋಡಿಸಿದರು. "ಬೆರಳು ಬ್ಯಾಡ ಅಂತದ. ಇದನ್ನರ ಒಪ್ತದೇನೋ ನೋಡೂಣು" ಎಂದರು.

ಪರದೆಯ ಮೇಲೆ ಸಣ್ಣ ಬಾಣವೊಂದು ಮೂಡಿತು. ಸಾಹೇಬರು ಒಂದು ಚೌಕದ ಮೇಲೆ ಅದನ್ನು ನಿಲ್ಲಿಸಿ ಒತ್ತಿದರು. "ತೋಳು ಬಿಗಿ ಆದ್ರ ನನ್ನ ತಪ್ಪಲ್ರಿ" ಎಂದಳು ಅಕ್ಕ, ಮೂರು ವರ್ಷದ ಹಿಂದಿನ ಅದೇ ಜೋರಿನಲ್ಲಿ. ಸಾಹೇಬರು ಮೊದಲು ನಲವತ್ತನ್ನೂ ಒಂದು ಮೆಮೊರಿ ಕಾರ್ಡಿಗೆ ಇಳಿಸಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದು ಅವರ ಸ್ಟೂಲಿನ ಮೇಲೆ ಕೂತೆ. ತಡೆದುಕೊಂಡಿದ್ದ ಅಳು ಬಂದೇಬಿಟ್ಟಿತು. "ತಪ್ಪಾತು ಅಕ್ಕಾ" ಎಂದೆ.

ಅಕ್ಕ ಮೌಸನ್ನು ತನ್ನ ಕಡೆ ಎಳೆದುಕೊಂಡಳು. ಬಾಣವನ್ನು ಮೆಲ್ಲಗೆ ಕೆಳಗಿಳಿಸಿ, ಕೊನೆಯ ಚೌಕದ ಮೇಲೆ ನಿಲ್ಲಿಸಿ ಒತ್ತಿದಳು.

"ಅಳಬ್ಯಾಡ ಬೇ. ಅತ್ತರ ನಿನ್ನ ಮಾರಿ ನೋಡಾಕ ಆಗಂಗಿಲ್ಲ. ನಾ ಇಲ್ಲೇ ಅದೀನಿ."

ಆ ಬೆಂಚಿನ ಮೇಲೆ, ನಾನು ಚಹಾ ತರಲು ಹೋದಾಗ, ನಾಡಿದ್ದು ತನ್ನ ದನಿ ಹೋಗಲಿದೆ ಎಂದು ಗೊತ್ತಿದ್ದೂ ಅವಳು ತುಂಬಿಟ್ಟದ್ದು ಇದನ್ನು. ನನಗೆ ಅಳು ಇನ್ನೂ ಜೋರಾಯಿತು. ಅಕ್ಕ ಅದನ್ನೇ ಮತ್ತೊಮ್ಮೆ ಒತ್ತಿದಳು.